ಹಂಗಾಮಿನ ಮಿಲ್ಲಿಗೆ ಜ್ವರದ ರಜೆ ಇಲ್ಲ

ಸೋಮವಾರ ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಕೆಮ್ಮು ಜಾಸ್ತಿ. ಐತವಾರ ಹತ್ತಿ ಬರುವುದಿಲ್ಲ, ಮಿಲ್ ನಿಂತಿರುತ್ತದೆ. ಒಂದು ದಿನ ಹೊರಗಿನ ಗಾಳಿ ಕುಡಿದ ಎದೆ ಮರುದಿನ ರೋಲರ್ ಮುಂದೆ ಒಂದೆರಡು ತಾಸು ನಿಲ್ಲುವಷ್ಟರಲ್ಲಿ ಬಿಗಿಯತೊಡಗುತ್ತದೆ. ಮಂಗಳವಾರ ತುಸು ಹಗುರ, ಬುಧವಾರಕ್ಕೆ ಮರೆತೇ ಹೋಗಿರುತ್ತದೆ. "ಐತವಾರ ಏನರ ಎಣ್ಣಿ ಪದಾರ್ಥ ತಿಂದಿರ್ತೀರಿ, ಅದಕ್ಕ ಹಿಂಗ" ಅನ್ನುವುದು ಮುಕಾದಮನ ವೈದ್ಯ. ಡಾಕ್ಟರುಗಳು ಇದನ್ನು ಬಿಸಿನೋಸಿಸ್ ಅನ್ನುತ್ತಾರೆ. ಹತ್ತಿಯ ಧೂಳಿನಿಂದ ಬರುವ ಈ ಕಾಯಿಲೆಯ ಗುರುತೇ ಅದು: ರಜೆ ಮುಗಿಸಿ ಬಂದ ಮೊದಲ ದಿನ ಎದೆ ಹಿಡಿಯುವುದು. ಆರಂಭದಲ್ಲೇ ಧೂಳಿನಿಂದ ದೂರವಾದರೆ ಉಸಿರು ಸರಿಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ವಾರದ ಏಳೂ ದಿನ ಸೋಮವಾರವೇ.

ನಾನು ಕಲ್ಮಲದವಳು. ಪಿಯುಸಿಗೆ ಓದು ನಿಂತಿತು. ಹಂಗಾಮು ಶುರುವಾದರೆ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ರಾಯಚೂರಿಗೆ ಹೋಗುವ ಹೆಂಗಸರಲ್ಲಿ ನಾನೂ ಒಬ್ಬಳು. ದೇವದುರ್ಗದ ಎರೆಹೊಲಗಳ ಹತ್ತಿ, ಮಾನ್ವಿ ಕಡೆಯ ಹತ್ತಿ ಲಾರಿಯಲ್ಲಿ ಬಂದು ಬೀಳುತ್ತದೆ. ಅದನ್ನು ಜಿನ್ನಿಗೆ ಹಾಕಬೇಕು, ಕಸ ಆರಿಸಬೇಕು, ಅರಳೆ ಒಂದು ಕಡೆ, ಕಾಳು ಒಂದು ಕಡೆ. ನನ್ನ ಅಕ್ಷರ ದುಂಡಗಿದೆ ಎಂದು ಹಾಜರಿ ಪುಸ್ತಕವನ್ನೂ ನನಗೇ ಹಚ್ಚಿದ್ದಾರೆ. ಹೀಗಾಗಿ ಗುತ್ತೇದಾರನ ಮಾತೂ ನನ್ನ ಕಿವಿಗೆ ಬೀಳುತ್ತದೆ, ಹೆಂಗಸರ ಮಾತೂ ಬೀಳುತ್ತದೆ.

ನಮ್ಮದು ತಾಸಿನ ಲೆಕ್ಕ. ಆದರೆ ಆ ಲೆಕ್ಕ ಒಂದೇ ಕಡೆಗೆ ನಡೆಯುತ್ತದೆ. ಟಂಟಂ ಪಂಕ್ಚರ್ ಆಗಿ ಅರ್ಧ ತಾಸು ತಡವಾದರೆ ಅರ್ಧ ಹಾಜರಿ ಹೋಯಿತು. ಸಂಜೆ ಲಾರಿ ಬಂತೆಂದು ಎರಡು ತಾಸು ಹೆಚ್ಚಿಗೆ ನಿಂತರೆ ಅದು "ಸಾವ್ಕಾರ್ರಿಗೆ ಉಪಕಾರ". ಕಾನೂನು ಹಾಗೆ ಹೇಳುವುದಿಲ್ಲ. ಎಷ್ಟು ಹೊತ್ತು ಕೆಲಸಕ್ಕೆ ಇರಲಿಲ್ಲವೋ ಅಷ್ಟರದ್ದೇ ಕೂಲಿ ಮುರಿಯಬೇಕು ಎಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ದಂಡ ಹಾಕಿದರೂ ಅದು ಕೂಲಿಯ ನೂರಕ್ಕೆ 3ನ್ನು ಮೀರುವಂತಿಲ್ಲ. ವಾರಕ್ಕೆ 48 ತಾಸು ದಾಟಿದ ದುಡಿಮೆಗೆ ಹಳೆಯ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇಮ್ಮಡಿ ಕೂಲಿ. ಎಂಟು ತಾಸಿಗೆ 400 ರೂಪಾಯಿ ಎಂದು ಹಿಡಿದರೆ ತಾಸಿಗೆ 50. ವಾರದಲ್ಲಿ ಆರು ದಿನ ಹನ್ನೆರಡು ತಾಸಿನ ಪಾಳಿ ಮಾಡಿದವಳಿಗೆ ದಿನದ ಮೇಲಿನ ನಾಲ್ಕು ತಾಸಿಗೆ ನೂರರಂತೆ ಇನ್ನೂ 400 ಸೇರಬೇಕು, ಅಂದರೆ ದಿನಕ್ಕೆ 800. ಈ ಲೆಕ್ಕವನ್ನು ಬಟವಾಡೆಯ ದಿನ ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟಾದರೂ ತಾಸಿನ ಸಿಟ್ಟು ಮನೆಗೆ ಹೋಗಿ ಉಂಡು ಮಲಗಿದರೆ ಇಳಿಯುತ್ತದೆ. ಇಳಿಯದ್ದು ಜಡ್ಡಿನ ಹೆದರಿಕೆ.

"ಯಕ್ಕಾ, ಜ್ವರ ಬಂದಾವ್ರಿ. ಇವತ್ತೊಂದಿನ ಹಾಜರಿ ಹಾಕ್ರಿ" ಎಂದು ಫೋನ್ ಬರುತ್ತದೆ. ಹಾಕಲು ನನಗೆ ಅಧಿಕಾರವಿಲ್ಲ. ಅವಳಿಗೆ ಆ ದಿನದ ಕೂಲಿಗಿಂತ ಜಾಗದ ಚಿಂತೆ ದೊಡ್ಡದು. ಮೂರು ದಿನ ಬರದಿದ್ದರೆ ಅವಳ ಜಿನ್ನಿನ ಮುಂದೆ ಇನ್ನೊಬ್ಬಳು ನಿಂತಿರುತ್ತಾಳೆ. ದೀಪಾವಳಿಗೆ ತಗೊಂಡ ಮುಂಗಡ ಬೇರೆ ತಲೆಯ ಮೇಲಿರುತ್ತದೆ, ಸಂಘದ ಸಾಲದ ಕಂತು ವಾರ ತಪ್ಪುವಂತಿಲ್ಲ. ಹಾಗಾಗಿ ಸೂಜಿ ಮಾಡಿಸಿಕೊಂಡು ಬರುತ್ತಾರೆ. ಏಳಲಿಕ್ಕೂ ಆಗದಿದ್ದರೆ ಬದಲಿ ಕಳಿಸುತ್ತಾರೆ. ತಂಗಿಯನ್ನೋ ನಾದಿನಿಯನ್ನೋ ಕಳಿಸುವುದುಂಟು, ಸಾಲಿಗೆ ಹೋಗುವ ಮಗಳೇ ಬರುವುದೂ ಉಂಟು. ತಾಯಿಯ ಜ್ವರ ಸಾಲಿಯ ಹಾಜರಿಯಲ್ಲಿ ಮಗಳ ಹೆಸರಿನ ಮುಂದೆ ಗೈರು ಎಂದು ಬೀಳುತ್ತದೆ.

ನನ್ನ ತಮ್ಮ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಕಡೆ ಇದ್ದಾನೆ. ಅವನ ಹತ್ತಿರ ಇಎಸ್‌ಐ ಕಾರ್ಡಿದೆ. 1948ರ ಕಾಯ್ದೆಯಿಂದ ಬಂದ ಈ ವಿಮೆಯಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗೆ ದುಡಿಯುವವರು ಸೇರುತ್ತಾರೆ. ಕೂಲಿಯ ನೂರಕ್ಕೆ 0.75 ಕೆಲಸಗಾರನದು, 3.25 ಮಾಲೀಕನದು. ದಿನಕ್ಕೆ 500 ದುಡಿಯುವವನಿಂದ ಹೋಗುವುದು ನಾಲ್ಕು ರೂಪಾಯಿಗೂ ಕಡಿಮೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ತುಂಬಿಸಿದ್ದರೆ, ಅದಕ್ಕೆ ಹೊಂದಿದ ಮುಂದಿನ ಅವಧಿಯಲ್ಲಿ ಜಡ್ಡು ಬಿದ್ದಾಗ ಕೂಲಿಯ ನೂರಕ್ಕೆ 70 ಮನೆಗೆ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಕ್ಷಯದಂಥ ದೀರ್ಘ ಕಾಯಿಲೆಗೆ ನೂರಕ್ಕೆ 80. ಆ ಸೌಲಭ್ಯ ಪಡೆಯುತ್ತಿರುವಾಗ ಮಾಲೀಕ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ನನ್ನ ಮಟ್ಟಿಗೆ ರೊಕ್ಕಕ್ಕಿಂತ ಈ ಕೊನೆಯದೇ ಹೆಚ್ಚಿನದು.

ನಮಗೆ ಯಾಕಿಲ್ಲ ಎಂದು ಕೇಳಿದಾಗ ಗುತ್ತೇದಾರ ನಕ್ಕು "ಕಾನೂನೇ ಇಲ್ಲಬೇ" ಅಂದ. ಸುಳ್ಳಿರಬೇಕು ಎಂದು ಕಾಯ್ದೆ ತೆಗೆಸಿ ಓದಿದೆ. ಅವನ ಮಾತು ಖರೆ! ಇಎಸ್‌ಐ ಎಲ್ಲ ಕಾರ್ಖಾನೆಗಳಿಗೆ ಅನ್ವಯ, ಹಂಗಾಮಿನ ಕಾರ್ಖಾನೆಗಳನ್ನು ಬಿಟ್ಟು. ಯಾವುವು ಹಂಗಾಮಿನವು ಎಂಬ ಪಟ್ಟಿಯಲ್ಲಿ ಮೊದಲ ಹೆಸರೇ ಹತ್ತಿ ಜಿನ್ನಿಂಗ್. ಆಮೇಲೆ ಹತ್ತಿ ಮತ್ತು ಸೆಣಬು ಪ್ರೆಸ್ಸಿಂಗ್, ಶೇಂಗಾ ಸುಲಿಯುವುದು, ಕಾಫಿ, ನೀಲಿ, ಅರಗು, ರಬ್ಬರ್, ಸಕ್ಕರೆ, ಬೆಲ್ಲ, ಚಹಾ. ನಮ್ಮ ಸೀಮೆಯ ಹೆಂಗಸರು ಜಿನ್ನಿನಲ್ಲಿ ಇಲ್ಲದಿದ್ದರೆ ಶೇಂಗಾ ಮಿಲ್ಲಿನಲ್ಲಿ ಇರುತ್ತಾರೆ. ಕೆಲವೇ ತಿಂಗಳು ದುಡಿದು ಹೊಲಕ್ಕೆ ಮರಳುವವರ ವಂತಿಗೆ ಎಣಿಸುವುದು ಕಷ್ಟ ಎಂದು ಆಗ ಎಣಿಸಿರಬಹುದು. ಆಧಾರ್, ಬ್ಯಾಂಕ್ ಖಾತೆ, ಯುಎಎನ್ ನಂಬರು ಇರುವ ಕಾಲದಲ್ಲೂ ಆ ನೆಪ ನಡೆಯುತ್ತಿರುವುದು ನನಗೆ ಅರ್ಥವಾಗದ ಸಂಗತಿ. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದವು. ಸಾಮಾಜಿಕ ಭದ್ರತೆಯ ಸಂಹಿತೆಯಲ್ಲೂ ಹಂಗಾಮಿನ ಕಾರ್ಖಾನೆ ಹೊರಗೇ ಇದೆ.

ಇನ್ನು ಸಂಬಳದ ರಜೆ. ಇಪ್ಪತ್ತು ದಿನ ದುಡಿದರೆ ಒಂದು ದಿನ ಎಂಬುದು ನಿಯಮ. ಆದರೆ ಅದು ವರ್ಷದಲ್ಲಿ 240 ದಿನ ದುಡಿದವರಿಗೆ ಮಾತ್ರ ಇತ್ತು. ಹೊಸ ಸಂಹಿತೆ ಅದನ್ನು 180ಕ್ಕೆ ಇಳಿಸಿದೆ. ನಮ್ಮ ಹಂಗಾಮು ದೀಪಾವಳಿ ಸುಮಾರಿಗೆ ಶುರುವಾಗಿ ಯುಗಾದಿಯೊಳಗೆ ಮುಗಿಯುತ್ತದೆ. 180 ಕೂಡ ನಮಗೆ ನಿಲುಕುವುದಿಲ್ಲ. ಅದೇ ಊರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಹುಡುಗಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಜಡ್ಡು ಬಿದ್ದರೆ ತಗೊಳ್ಳಲು ವರ್ಷಕ್ಕೆ 12 ದಿನದ ಸಂಬಳದ ರಜೆ ಇಟ್ಟಿದೆ. ಅವಳು ಮಡಚುವ ಸೀರೆಯ ಹತ್ತಿಯನ್ನು ಬೀಜದಿಂದ ಬಿಡಿಸಿದವಳಿಗೆ ಒಂದು ದಿನವೂ ಇಲ್ಲ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ಹೆರಿಗೆ ಸೌಲಭ್ಯಕ್ಕೆ ಹಂಗಾಮಿನ ತಂಟೆ ಇಲ್ಲ: ಹೆರಿಗೆಯ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ ಕೂಲಿ ಸಹಿತ ರಜೆ. ನಮ್ಮ ಹುಡುಗಿಯರು ಒಂದೇ ಹಂಗಾಮಿನಲ್ಲಿ 80 ದಾಟುತ್ತಾರೆ. ಆದರೆ ಹೊಟ್ಟೆ ಕಂಡ ವಾರವೇ ಅವರನ್ನು "ಆರಾಮ ಮಾಡು ಯವ್ವ" ಎಂದು ಮನೆಗೆ ಕಳಿಸಲಾಗುತ್ತದೆ, ಅದೂ ಪ್ರೀತಿಯಿಂದ. ರೋಲರಿಗೆ ಬೆರಳು ಸಿಕ್ಕರೆ 1923ರಿಂದ ನಡೆದುಬಂದ ಪರಿಹಾರದ ಕಾನೂನಿದೆ. ಉದ್ಯೋಗದಿಂದ ಬರುವ ರೋಗಗಳ ಅದರ ಅನುಸೂಚಿಯಲ್ಲಿ ಹತ್ತಿ ಧೂಳಿನ ಬಿಸಿನೋಸಿಸ್ ಹೆಸರಿದೆ. ಸೋಮವಾರದ ಕೆಮ್ಮಿಗೆ ಎಣ್ಣಿ ಪದಾರ್ಥ ಕಾರಣವಲ್ಲ ಎಂದು ಸರ್ಕಾರ ಎಂದೋ ಒಪ್ಪಿಕೊಂಡಿದೆ ಎಂದಾಯಿತು.

ಆದರೆ ಇದಕ್ಕೆಲ್ಲ ಎಷ್ಟು ವರ್ಷ, ಎಲ್ಲಿ, ಯಾರ ಕೈಕೆಳಗೆ ದುಡಿದೆ ಎಂದು ತೋರಿಸಬೇಕು. ಅಲ್ಲೇ ತೊಡಕು. ಒಂದು ಹಂಗಾಮಿನ ಪುಸ್ತಕ ಒಬ್ಬ ಗುತ್ತೇದಾರನ ಹೆಸರಲ್ಲಿ, ಮರುವರ್ಷದ್ದು ಅವನ ಅಳಿಯನ ಹೆಸರಲ್ಲಿ. ಬದಲಿ ಬಂದ ದಿನ ಯಾರ ಹಾಜರಿ ಎಂಬುದೂ ಗೊಂದಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಬಟವಾಡೆಯ ದಿನ ನಿಮ್ಮ ಹೆಸರಿನ ಸಾಲಿನ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ದವಾಖಾನೆಗೆ ಹೋದರೆ ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. "ಕೂಲಿ" ಎಂದಷ್ಟೇ ಬರೆದರೆ ಹತ್ತಿಯ ಧೂಳು ಎಲ್ಲಿಂದ ಬಂತೆಂದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಇಎಸ್‌ಐ ಕಾಯ್ದೆ ಓದುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿರುವ ಕೆಲಸವನ್ನು, ಅದಕ್ಕೆ ಹೊಂದಿಕೊಂಡದ್ದನ್ನು ಮಾತ್ರವೇ ಮಾಡುವ ಕಾರ್ಖಾನೆ ಹಂಗಾಮಿನದು. ನಮ್ಮ ಕಾಂಪೌಂಡಿನೊಳಗೇ ಹತ್ತಿಕಾಳಿನ ಎಣ್ಣೆ ತೆಗೆಯುವ ಯಂತ್ರವಿದೆ, ಜೂನ್‌ನಲ್ಲೂ ಓಡುತ್ತದೆ. ಎಣ್ಣೆ ತೆಗೆಯುವುದು ಜಿನ್ನಿಂಗಿಗೆ ಹೊಂದಿಕೊಂಡ ಕೆಲಸವೋ, ಬೇರೆಯೇ ಉದ್ಯೋಗವೋ? ಬೇರೆ ಎಂದಾದರೆ ಇಡೀ ಕಾಂಪೌಂಡಿಗೆ ಇಎಸ್‌ಐ ಬರಬೇಕಲ್ಲ? ಇದನ್ನೇ ಕೇಳಿ ಇಎಸ್‌ಐ ನಿಗಮಕ್ಕೆ ಒಂದು ಅರ್ಜಿ ಬರೆದು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಮುಂಗಡ ತೀರಿದವರು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಮುಂಗಡ ಬಾಕಿ ಇದ್ದವರು ಬುತ್ತಿ ಗಂಟು ಕಟ್ಟುತ್ತ, ಯುಗಾದಿ ಬಟವಾಡೆ ಆಗಲಿ ಅಂದರು.