ಗೋಲಗುಮ್ಮಟದ ಕಲ್ಲಿಗೆ ವಯಸ್ಸೆಷ್ಟು?

ಬಿಜಾಪುರದ ಗೋಲಗುಮ್ಮಟ 17ನೇ ಶತಮಾನದ್ದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದಕ್ಕೆ ಬಳಸಿದ ಕಪ್ಪು ಕಲ್ಲಿನ ವಯಸ್ಸು? ಸುಮಾರು 6.6 ಕೋಟಿ ವರ್ಷ! ಬೀದರ್, ಕಲಬುರಗಿ, ಬೆಳಗಾವಿ ಕಡೆಯ ಎರೆಮಣ್ಣಿನ ಹೊಲಗಳ ಕೆಳಗಿರುವುದೂ ಬಹುಪಾಲು ಇದೇ ಬಸಾಲ್ಟ್. ನೆಲದ ಬಿರುಕುಗಳಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ಲಾವಾ ಅದು. ದಖನ್ನಿನಲ್ಲಿ ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್.

ಡೈನೋಸಾರ್‌ಗಳು ಅಳಿದದ್ದೂ ಅದೇ ಕಾಲಕ್ಕೆ. ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಬಿದ್ದ ಕ್ಷುದ್ರಗ್ರಹವೇ ಮೊದಲ ಆರೋಪಿ. ನಮ್ಮ ಲಾವಾದ ಕೈವಾಡವೂ ಇತ್ತೇ? ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗದೆ ಇದಕ್ಕೆ ಉತ್ತರವಿಲ್ಲ. ಸರ್ವರ್ ಕೈಕೊಟ್ಟಾಗ ನಮ್ಮಂಥವರು ಮೊದಲು ನೋಡುವುದು ಲಾಗ್‌ನ ಟೈಮ್ ಸ್ಟ್ಯಾಂಪ್ ತಾನೇ? ಕಲ್ಲಿನಲ್ಲಿ ಆ ಕೆಲಸ ಮಾಡುವುದು ಜಿರ್ಕಾನ್ ಎಂಬ ಪುಟ್ಟ ಹರಳು.

ಶಿಲಾರಸದಲ್ಲಿ ಹುಟ್ಟುವಾಗ ಈ ಹರಳು ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸ ಬಹುಮಟ್ಟಿಗೆ ಯುರೇನಿಯಂ ಕ್ಷಯಿಸಿ ಆದದ್ದೇ. ಯುರೇನಿಯಂ-238ರಲ್ಲಿ ಅರ್ಧದಷ್ಟು ಕರಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ಸಮಯ ಹೇಳಿದರೆ ನಂಬಬಹುದು. ಹೇಳದಿದ್ದರೆ ಸೀಸ ಸೋರಿರಬಹುದೆಂಬ ಅನುಮಾನ. ನನಗಂತೂ ಇದು ತುಂಬ ಹಿಡಿಸಿದ ಉಪಾಯ.

ತೊಡಕೆಂದರೆ ಬಸಾಲ್ಟ್‌ನಲ್ಲಿ ಜಿರ್ಕಾನ್ ಬಲು ಅಪರೂಪ. ಮಹಾಬಳೇಶ್ವರದ ಕಡೆಯ ಘಾಟಿ ರಸ್ತೆಗಳಲ್ಲಿ ಕಪ್ಪು ಬಂಡೆಗಳ ನಡುವೆ ಕೆಂಪು ಪಟ್ಟಿಗಳನ್ನು ನೀವೂ ನೋಡಿರಬಹುದು. ಒಂದು ಲಾವಾ ಹರಿದು ಮುಂದಿನದು ಬರುವಷ್ಟರಲ್ಲಿ ಮಾಗಿದ ಮಣ್ಣು ಅದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಜಿರ್ಕಾನ್ ಹೆಕ್ಕಿದ್ದು ಇಂಥ ಪಟ್ಟಿಗಳಲ್ಲಿ. ಗಾಳಿಯಲ್ಲಿ ಬಂದು ಬಿದ್ದ ಜ್ವಾಲಾಮುಖಿ ಬೂದಿಯೊಡನೆ ಸೇರಿದ ಹರಳುಗಳಿವು ಎಂಬುದು ಅವರ ವಾದ. ಸ್ಫೋಟಕ್ಕೆ ಎಷ್ಟೋ ಮೊದಲೇ ಹುಟ್ಟಿದ ಹರಳುಗಳೂ ಬೆರೆತಿರುತ್ತವಾದ್ದರಿಂದ ಅತಿ ಕಿರಿಯ ಹರಳುಗಳ ಮಾತಿಗೇ ಬೆಲೆ. ಬರ್ಕ್ಲಿಯ ತಂಡ ಬೇರೆ ದಾರಿ ಹಿಡಿಯಿತು: ಬಸಾಲ್ಟ್‌ನಲ್ಲೇ ಇರುವ ಫೆಲ್ಡ್‌ಸ್ಪಾರ್ ಹರಳುಗಳಲ್ಲಿ ಪೊಟ್ಯಾಸಿಯಂನಿಂದ ಹುಟ್ಟಿದ ಆರ್ಗಾನ್ ಅನಿಲವನ್ನು ಅಳೆಯಿತು.

2019ರಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡೂ ಪ್ರಕಟವಾದವು. ಲಾವಾದ ಬಹುಪಾಲು ಸುಮಾರು 10 ಲಕ್ಷ ವರ್ಷದೊಳಗೆ ಉಕ್ಕಿತು ಎನ್ನುವುದರಲ್ಲಿ ಜಗಳವಿಲ್ಲ. ಆದರೆ ಅಳಿವಿಗೆ ಕೆಲವು ಹತ್ತು ಸಾವಿರ ವರ್ಷಗಳ ಮುಂಚೆ ದೊಡ್ಡದೊಂದು ಉಕ್ಕು ಬಂದಿತ್ತು ಎಂದಿತು ಪ್ರಿನ್ಸ್‌ಟನ್. ಮುಕ್ಕಾಲು ಪಾಲು ಹರಿದದ್ದು ಕ್ಷುದ್ರಗ್ರಹ ಬಿದ್ದ ಮೇಲೆ ಎಂದಿತು ಬರ್ಕ್ಲಿ. ಕ್ಷುದ್ರಗ್ರಹ ಬಿದ್ದ ಗಳಿಗೆ ಆ ಕಪ್ಪು ರಾಶಿಯ ಯಾವ ಪದರದಲ್ಲಿ ಬರುತ್ತದೆ ಎಂಬಲ್ಲೇ ಅವರಿಬ್ಬರ ಲೆಕ್ಕ ಬೇರೆಯಾಗುವುದು.