ಅಡ್ಡಬಂಧ ಹೆಚ್ಚಿದರೆ ನೂಲು ಗಟ್ಟಿಯಾಗುತ್ತದೆಯೇ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲಗಳ ಮೇಲೆ ಗುಡ್ಡ ಕುಸಿದು ಸೇತುವೆ ಕೊಚ್ಚಿಹೋಯಿತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಆಗಸ್ಟ್ 1ರಂದು 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿ ಮುಗಿಸುವ ಮುನ್ನ, ಉಕ್ಕಿ ಹರಿಯುವ ಹೊಳೆ ದಾಟಲು ಹಗ್ಗಗಳ ಆಸರೆ ಬೇಕಾಯಿತು. ಜೀವವನ್ನೇ ನೂಲಿಗೆ ಒಪ್ಪಿಸುವ ಇಂಥ ಹೊತ್ತು ಬರುವ ನಾಡಿನಲ್ಲಿ, ಆ ನೂಲಿನ ಬಲ ಎಲ್ಲಿಂದ ಬರುತ್ತದೆ ಎಂಬುದು ನಮಗೆ ಸರಿಯಾಗಿ ಗೊತ್ತಿರಬೇಕು.

ತಪ್ಪು ಕಲ್ಪನೆ: ಕೆವ್ಲಾರ್‌ನಂಥ ಅತಿ ಗಟ್ಟಿ ನೂಲಿನ ಅಣುಸರಪಳಿಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಅಡ್ಡ ಬಿಗಿದಿರುತ್ತಾರೆ, ಅಂದರೆ ಅಡ್ಡಬಂಧ ಹಾಕಿರುತ್ತಾರೆ. ಅದರ ಬಲಕ್ಕೆ ಅದೇ ಕಾರಣ.

ಸತ್ಯ: ಇಲ್ಲ. ಇದನ್ನು ಪರೀಕ್ಷಿಸುವ ಬಗೆ ಪಂಕ್ಚರ್ ಅಂಗಡಿಯಲ್ಲೇ ಇದೆ. ತೇಪೆ ಹಚ್ಚುವ ಸೊಲ್ಯೂಷನ್ ಎಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರ್. ಆದರೆ ಟ್ಯೂಬನ್ನು ಅದೇ ದ್ರಾವಕದಲ್ಲಿ ಎಷ್ಟು ದಿನ ನೆನೆಹಾಕಿದರೂ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಏಕೆಂದರೆ ಗಂಧಕ ಸೇರಿಸಿ ಬೇಯಿಸಿದಾಗ ಅದರ ಸರಪಳಿಗಳ ನಡುವೆ ಅಡ್ಡಬಂಧ ಬಿದ್ದಿರುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಿದ್ಯೆ ಅದು. ಕೆವ್ಲಾರ್ ಹಾಗಲ್ಲ, ಸಾಂದ್ರ ಗಂಧಕಾಮ್ಲದಲ್ಲಿ ಕರಗುತ್ತದೆ. ಆ ದ್ರಾವಣದಿಂದಲೇ ಅದನ್ನು ನೂಲಾಗಿ ಎಳೆಯುತ್ತಾರೆ. 1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಗುರುತಿಸಿದ ಗುಟ್ಟು ಬೇರೆಯೇ: ಸೆಟೆದ ಸರಪಳಿಗಳು ದ್ರಾವಣದಲ್ಲೇ ಸಾಲುಗಟ್ಟುತ್ತವೆ, ಎಳೆದಾಗ ಒಂದೇ ದಿಕ್ಕಿಗೆ ಒತ್ತೊತ್ತಾಗಿ ನಿಲ್ಲುತ್ತವೆ. ನಡುವೆ ಹಿಡಿದಿಡುವುದು ಹೈಡ್ರೋಜನ್ ಬಂಧಗಳಂಥ ದುರ್ಬಲ ಬಂಧಗಳು ಮಾತ್ರ. ಆದರೂ ಅದೇ ತೂಕದ ಉಕ್ಕಿಗಿಂತ ಸುಮಾರು 5 ಪಟ್ಟು ಎಳೆತ ತಾಳುತ್ತದೆ.

ತಪ್ಪು ಕಲ್ಪನೆ: ಅಡ್ಡಬಂಧ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ.

ಸತ್ಯ: ಸುಕ್ಕುಗಟ್ಟದ ಹತ್ತಿ ಅಂಗಿಯನ್ನೇ ನೋಡಿ. ಹತ್ತಿಯ ಸರಪಳಿಗಳಿಗೆ ಅಡ್ಡಬಂಧ ಹಾಕಿಯೇ ಅದನ್ನು ತಯಾರಿಸುತ್ತಾರೆ. ಬಟ್ಟೆ ಇಸ್ತ್ರಿ ಬೇಡವೆನ್ನುತ್ತದೆ, ಆದರೆ ಬಲದ ಮೂರನೇ ಒಂದು ಪಾಲನ್ನೇ ಕಳೆದುಕೊಳ್ಳಬಹುದು. ಎಳೆತ ಬಿದ್ದಾಗ ಸರಪಳಿಗಳು ತುಸು ಸರಿದು ಭಾರ ಹಂಚಿಕೊಳ್ಳಬೇಕು. ಸರಿಯಲು ಬಿಡದಂತೆ ಬಿಗಿದರೆ ಕೆಲವೇ ಸರಪಳಿಗಳ ಮೇಲೆ ಭಾರ ಬಿದ್ದು ಅವು ಮೊದಲು ತುಂಡಾಗುತ್ತವೆ. ಸೊಂಟದ ಕೃತಕ ಕೀಲಿನ ಪಾಲಿಥೀನ್ ಬಟ್ಟಲಿಗೆ ವಿಕಿರಣದಿಂದ ಅಡ್ಡಬಂಧ ಹಾಕಿದಾಗಲೂ ಹೀಗೇ: ಸವೆತ ಬಹಳ ಕಡಿಮೆಯಾಯಿತು, ಬಿರುಕು ತಾಳುವ ಗುಣವೂ ಕುಗ್ಗಿತು.

ತಪ್ಪು ಕಲ್ಪನೆ: ಹಾಗಾದರೆ ಗಟ್ಟಿ ನೂಲಿಗೆ ಅಡ್ಡಬಂಧದಿಂದ ಲಾಭವೇ ಇಲ್ಲ.

ಸತ್ಯ: ಲಾಭವಿದೆ, ಆದರೆ ಎಳೆತದ ಬಲದಲ್ಲಿ ಅಲ್ಲ. ಕೆವ್ಲಾರ್ ಎಳೆದರೆ ವೀರ, ಒತ್ತಿದರೆ ಬಡಪಾಯಿ. ಒತ್ತಡ ತಾಳುವ ಶಕ್ತಿ ಎಳೆತದ್ದರ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಗಂಟು ಹಾಕಿದಾಗ ತಿರುವಿನ ಒಳಮೈಯಲ್ಲಿ ನೂಲು ಒತ್ತಿಸಿಕೊಂಡು ಮಡಿಕೆ ಬೀಳುತ್ತದೆ. ಆ ಮಡಿಕೆಯಲ್ಲಿ ಸರಪಳಿಗಳು ಪಕ್ಕಕ್ಕೆ ಜಾರಿರುತ್ತವೆ. ಸಂಶೋಧಕರು ಅಡ್ಡಬಂಧದ ಬೆನ್ನು ಹತ್ತಿರುವುದು ಈ ಜಾರುವಿಕೆಯನ್ನು ತಡೆಯಲು. ನೂಲು ಎಳೆದು, ಸರಪಳಿಗಳೆಲ್ಲ ಸಾಲಾದ ಮೇಲೆ ಬಿಸಿಮಾಡಿ ಬಂಧ ಬೀಳಿಸಬೇಕು. ಮೊದಲೇ ಬಿದ್ದರೆ ಎಳೆಯಲಿಕ್ಕೇ ಬರುವುದಿಲ್ಲ. ಎಂ5 ಎಂಬ ನೂಲಿನಲ್ಲಿ ರಾಸಾಯನಿಕ ಬಂಧದ ಬದಲು ಹೈಡ್ರೋಜನ್ ಬಂಧಗಳನ್ನೇ ಎರಡು ದಿಕ್ಕಿಗೆ ಹೆಣೆದು ಒತ್ತಡ ತಾಳುವ ಬಲವನ್ನು ಸಾಕಷ್ಟು ಏರಿಸಿದರು. ನನಗೆ ಹೆಚ್ಚು ಜಾಣತನದ ದಾರಿ ಎನಿಸುವುದು ಇದೇ.

ಅಡ್ಡಬಂಧದಿಂದ ಇನ್ನೊಂದು ಲಾಭವೂ ಇದೆ. ಡೈನೀಮಾ ಎಂಬ ಪಾಲಿಥೀನ್ ನೂಲಿನಿಂದ ಮಾಡಿದ, ಭಾರ ಹೊತ್ತು ನಿಂತ ಹಗ್ಗ ದಿನಗಳೆದಂತೆ ನಿಧಾನವಾಗಿ ಉದ್ದವಾಗುತ್ತದೆ. ಅಡ್ಡಬಂಧ ಅದನ್ನೂ ತಗ್ಗಿಸಬಲ್ಲದು; ಆದರೆ ಅದಕ್ಕೆ ಬಳಸುವ ವಿಕಿರಣ ಸರಪಳಿಗಳನ್ನೂ ಕತ್ತರಿಸುತ್ತದೆ.

ತಪ್ಪು ಕಲ್ಪನೆ: ಅತಿ ಗಟ್ಟಿ ನೂಲಿನ ಹಗ್ಗವೇ ಎಲ್ಲ ಕೆಲಸಕ್ಕೂ ಒಳ್ಳೆಯದು.

ಸತ್ಯ: ಮೇಲಿಂದ ಬೀಳುವವರನ್ನು ಹಿಡಿಯುವ ಹಗ್ಗ ಹಿಗ್ಗಬೇಕು. ಕೆವ್ಲಾರ್, ಡೈನೀಮಾ ತುಂಡಾಗುವ ಮುನ್ನ ಹಿಗ್ಗುವುದು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ, ಹಾಗಾಗಿ ಬಿದ್ದ ಏಟೆಲ್ಲ ಮೈಗೇ ತಾಗುತ್ತದೆ. ಬಂಡೆ ಹತ್ತುವವರು ನೈಲಾನ್ ಬಿಡದಿರುವುದು ಇದಕ್ಕೇ. ಡೈನೀಮಾ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಉಜ್ಜಿಕೊಂಡು ಇಳಿಯುವಲ್ಲಿ ಅದು ಅಪಾಯ.

ಇನ್ನು, ಗಟ್ಟಿ ನೂಲು ಸದಾ ಗಟ್ಟಿಯಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು. ಜೈಲಾನ್ ಎಂಬ ನೂಲು ಎಳೆತದಲ್ಲಿ ಕೆವ್ಲಾರನ್ನೂ ಮೀರಿಸಿತ್ತು. 2003ರಲ್ಲಿ ಅಮೆರಿಕದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ತೊಟ್ಟ ಜೈಲಾನ್ ಕವಚವನ್ನು ಗುಂಡು ತೂರಿತು. ತೇವ ಮತ್ತು ಬೆಳಕಿಗೆ ಆ ನೂಲು ಸೊರಗುತ್ತಿತ್ತು. ನೈಲಾನ್ ಕೂಡ ನೆನೆದರೆ ಬಲದ ಹತ್ತನೇ ಒಂದು ಪಾಲಿನಷ್ಟು ಕಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟರೆ ಇನ್ನೂ ಹೆಚ್ಚು. ತಿಂಗಳುಗಟ್ಟಲೆ ಮಳೆ ಹಿಡಿಯುವ ವಯನಾಡು, ಕೊಡಗಿನಂಥ ಕಡೆ ರಕ್ಷಣಾ ಹಗ್ಗ ಇಟ್ಟುಕೊಂಡಿರುವ ಪಂಚಾಯಿತಿಗಳು, ಯುವಕ ಸಂಘಗಳು ಅದನ್ನು ಒಣಗಿಸಿ ಕತ್ತಲಲ್ಲಿ ಇಡಲಿ, ತಯಾರಾದ ವರ್ಷ ಬರೆದಿಡಲಿ, ಅವಧಿ ಮುಗಿದದ್ದನ್ನು ಕತ್ತರಿಸಿ ಬಿಸಾಡಲಿ.