ನಂದಿಬೆಟ್ಟದ ಮೇಲೆ ಏಳು ದೇಶ

ಸಿದ್ದಾಪುರ ತಾಲೂಕಿನ ಹೆಗ್ಗರಣೆಯಲ್ಲಿ ಕೂತು ಪತ್ರಿಕೆ ಓದುವವರಿಗೆ ದೇಶ ದೇಶಗಳ ಮುಖ್ಯಸ್ಥರು ಬಾಗಿಲು ಹಾಕಿಕೊಂಡು ಮಾತಾಡಿದ ಸುದ್ದಿ ದೂರದ್ದು ಅನ್ನಿಸುವುದು ಸಹಜ. ದಾವೋಸ್, ಜಿನೀವಾ, ಕ್ಯಾಂಪ್ ಡೇವಿಡ್‌ಗಳಿಗೂ ನಮ್ಮ ಅಡಿಕೆ ತೋಟಗಳಿಗೂ ಏನು ಸಂಬಂಧ? ಆದರೆ ಅಂಥ ಮಾತುಕತೆಯೊಂದು ನಮ್ಮ ರಾಜ್ಯದಲ್ಲೇ, ನಂದಿಬೆಟ್ಟದ ಮೇಲೆ, 1986ರ ನವೆಂಬರಿನಲ್ಲಿ ನಡೆದಿತ್ತು. ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಇದೇ ತಾಲೂಕಿನ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆ.

ಸಂದರ್ಭ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಒಕ್ಕೂಟದ ಎರಡನೆಯ ಶೃಂಗಸಭೆ. ನವೆಂಬರ್ 16 ಮತ್ತು 17, ಬೆಂಗಳೂರು. ಬಂದವರ ಪಟ್ಟಿ ಇಂದು ಓದಿದರೂ ಭಾರವಾಗಿಯೇ ಕಾಣುತ್ತದೆ. ಬಾಂಗ್ಲಾದೇಶದ ಅಧ್ಯಕ್ಷ ಎರ್ಷಾದ್, ಭೂತಾನಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಮಾಲ್ಡೀವ್ಸ್ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್, ನೇಪಾಳದ ದೊರೆ ಬೀರೇಂದ್ರ, ಪಾಕಿಸ್ತಾನದ ಪ್ರಧಾನಿ ಮಹಮ್ಮದ್ ಖಾನ್ ಜುನೇಜೊ, ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ, ಇವರೆಲ್ಲರನ್ನು ಬರಮಾಡಿಕೊಂಡ ಪ್ರಧಾನಿ ರಾಜೀವ್ ಗಾಂಧಿ. ದೆಹಲಿಯಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ, ಬೆಂಗಳೂರಿನಲ್ಲಿ ಜನತಾ ಪಕ್ಷದ್ದು. ಕೇಂದ್ರದ ಅತಿಥಿಗಳಿಗೆ ವಿರೋಧ ಪಕ್ಷದ ಸರ್ಕಾರ ಹಾಸಿಗೆ ಹಾಸಿದ ಆ ಎರಡು ದಿನಗಳೂ ಒಂದು ಬಗೆಯ ಸಹಕಾರವೇ. ಹೆಗಡೆಯವರ ಬಗ್ಗೆ ಬರೆಯುವವರು ಇದನ್ನು ಯಾಕೋ ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಇಷ್ಟು ಜನ ಬೆಂಗಳೂರಿಗೆ ಬಂದಮೇಲೆ ಬೆಟ್ಟ ಹತ್ತುವ ಅಗತ್ಯವೇನಿತ್ತು? ಉತ್ತರ ಸಾರ್ಕ್‌ನ ಸನ್ನದಿನಲ್ಲಿದೆ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸಹಿಯಾದ ಆ ಸನ್ನದಿನ ಹತ್ತನೆಯ ವಿಧಿ ಎರಡು ಕಟ್ಟು ಹಾಕುತ್ತದೆ: ಯಾವ ಹಂತದ ನಿರ್ಣಯವಾದರೂ ಸರ್ವಾನುಮತದ್ದಾಗಿರಬೇಕು, ಇಬ್ಬರ ನಡುವಿನ ವಿಷಯಗಳೂ ವಿವಾದದ ವಿಷಯಗಳೂ ಚರ್ಚೆಗೆ ಬರಕೂಡದು. ಇದು ಹೆದರಿಕೆಯಿಂದ ಹುಟ್ಟಿದ ವಿಧಿ. ಸಣ್ಣ ದೇಶಗಳೆಲ್ಲ ಸೇರಿ ತನ್ನನ್ನು ಸುತ್ತುವರಿಯುತ್ತವೆ ಎಂದು ಭಾರತಕ್ಕೆ ಶಂಕೆ, ಒಕ್ಕೂಟದ ಹೆಸರಿನಲ್ಲಿ ಭಾರತ ಯಜಮಾನಿಕೆ ನಡೆಸುತ್ತದೆ ಎಂದು ಉಳಿದವರಿಗೆ ಶಂಕೆ. ಹಾಗಾಗಿ ಸಭೆಯ ಮೇಜಿನ ಮೇಲೆ ಕೃಷಿ, ಹವಾಮಾನ, ಅಂಚೆ, ಆರೋಗ್ಯ ಎಲ್ಲ ಬರಬಹುದಿತ್ತು. ಕಾಶ್ಮೀರ ಬರುವಂತಿರಲಿಲ್ಲ, ಗಂಗೆಯ ನೀರು ಬರುವಂತಿರಲಿಲ್ಲ, ಜಾಫ್ನಾದಲ್ಲಿ ಹರಿಯುತ್ತಿದ್ದ ನೆತ್ತರೂ ಬರುವಂತಿರಲಿಲ್ಲ. ನಾಯಕರಿಗೆ ನಿದ್ದೆಗೆಡಿಸುತ್ತಿದ್ದ ವಿಷಯಗಳು ಅವೇ.

ಅದಕ್ಕೇ ರಿಟ್ರೀಟ್ ಎಂಬ ಉಪಾಯ. ಅಧಿಕಾರಿಗಳಿಲ್ಲ, ಬರೆದಿಟ್ಟ ಭಾಷಣವಿಲ್ಲ, ಪತ್ರಕರ್ತರಿಲ್ಲ, ನಡಾವಳಿ ಪುಸ್ತಕವಿಲ್ಲ. ನಮ್ಮ ಕಡೆ ಹಿಸೆ ಪಂಚಾಯಿತಿಕೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಗುಲಿಯ ಮೇಲೆ ಹತ್ತು ಜನರೆದುರು ಒಂದು ಗುಂಟೆಗೂ ಜಗ್ಗದ ಅಣ್ಣತಮ್ಮಂದಿರು ಕವಳ ಹಾಕಿಕೊಂಡು ತೋಟದ ಕಡೆ ಒಂದು ಸುತ್ತು ಹೋಗಿ ಬಂದರೆಂದರೆ ಕಾಲುದಾರಿಯ ತಕರಾರು ಅರ್ಧ ಮುಗಿದಿರುತ್ತದೆ. ಎಲ್ಲರೆದುರು ಸೋಲಬೇಕಾಗಿಲ್ಲ ಎಂಬುದೇ ಆ ಸುತ್ತಿನ ಲಾಭ.

ದೊಡ್ಡ ದೇಶಗಳು ಈ ದಾರಿಯನ್ನು ಕಂಡುಕೊಂಡದ್ದು ಕಷ್ಟಕಾಲದಲ್ಲಿ. 1973ರಲ್ಲಿ ಡಾಲರಿನ ಏರುಪೇರು ಬಡಿದಾಗ ಕೆಲವು ದೇಶಗಳ ಹಣಕಾಸು ಮಂತ್ರಿಗಳು ಅಮೆರಿಕದ ಶ್ವೇತಭವನದ ಗ್ರಂಥಾಲಯದಲ್ಲಿ ಸದ್ದಿಲ್ಲದೆ ಸೇರಿದ್ದರು. ಅವರಲ್ಲಿ ಇಬ್ಬರು, ಫ್ರಾನ್ಸಿನ ಜಿಸ್ಕಾರ್ ದೆಸ್ತಾಂ ಮತ್ತು ಪಶ್ಚಿಮ ಜರ್ಮನಿಯ ಹೆಲ್ಮುಟ್ ಶ್ಮಿಟ್, ಮುಂದೆ ತಮ್ಮ ದೇಶಗಳ ಚುಕ್ಕಾಣಿ ಹಿಡಿದರು. 1975ರ ನವೆಂಬರಿನಲ್ಲಿ ಪ್ಯಾರಿಸ್ ಬಳಿಯ ರಾಂಬುಯೆ ಅರಮನೆಗೆ ಆರು ದೇಶಗಳ ನಾಯಕರನ್ನು ಕೂಡಿಸಿದರು. ಇಂದಿನ ಜಿ7 ಶುರುವಾದದ್ದು ಹಾಗೆ. ಕಾಮನ್‌ವೆಲ್ತ್ ದೇಶಗಳೂ 1973ರಿಂದ ಇದೇ ಪದ್ಧತಿ ಹಿಡಿದವು. 1983ರ ನವೆಂಬರಿನಲ್ಲಿ ಅವರ ದೆಹಲಿ ಸಭೆಯ ನಡುವೆ ಇಂದಿರಾ ಗಾಂಧಿ ಎಲ್ಲರನ್ನೂ ಕರೆದೊಯ್ದದ್ದು ಗೋವಾಕ್ಕೆ, ಕಾರವಾರದ ಗಡಿಯಾಚೆಯ ಕಡಲ ದಂಡೆಗೆ. ಕೆಲವೇ ವಾರಗಳ ಹಿಂದೆ ಅಮೆರಿಕ ಗ್ರೆನಡಾಕ್ಕೆ ಸೈನ್ಯ ನುಗ್ಗಿಸಿತ್ತು. ಆ ವಿಷಯದಲ್ಲಿ ಕಾಮನ್‌ವೆಲ್ತ್ ಒಳಗೇ ಒಡಕಿತ್ತು.

ನಂದಿಬೆಟ್ಟ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು 1,478 ಮೀಟರ್ ಎತ್ತರ, ನವೆಂಬರಿನ ಮಂಜು, ಮೇಲೆ ಹೋಗಲು ಕಾವಲು ಹಾಕಬಹುದಾದ ಒಂದೇ ರಸ್ತೆ. ಆರೋಗ್ಯ ಕೆಟ್ಟಾಗ ಗಾಂಧೀಜಿ 1927ರಲ್ಲೂ 1936ರಲ್ಲೂ ಇಲ್ಲಿ ಉಳಿದು ವಿಶ್ರಾಂತಿ ಪಡೆದಿದ್ದರು. ಏಳು ಮಂದಿ ಅಲ್ಲಿ ಏನು ಮಾತಾಡಿದರು ಎಂಬುದರ ಅಕ್ಷರಶಃ ದಾಖಲೆ ಇಲ್ಲ; ಇಲ್ಲದಿರಲಿ ಎಂದೇ ಮೇಲೆ ಹೋದದ್ದಲ್ಲವೇ? ಆದರೆ ಆ ನಾಲ್ಕಾರು ದಿನ ಬೆಂಗಳೂರಿನ ಸುತ್ತಮುತ್ತ ನಡೆದ ಮಾತುಗಳಲ್ಲಿ ಮೂರರ ಜಾಡನ್ನು ಹಿಡಿಯಬಹುದು.

ಮೊದಲನೆಯದು ಶ್ರೀಲಂಕಾದ್ದು. ಸಭೆಗೆ ವಾರದ ಮುಂಚೆ ತಮಿಳುನಾಡು ಪೊಲೀಸರು ಅಲ್ಲಿದ್ದ ಈಳಂ ಹೋರಾಟಗಾರರ ಆಯುಧಗಳನ್ನು ಕಿತ್ತುಕೊಂಡಿದ್ದರು. ಆಮೇಲೆ ಭಾರತ ಸರ್ಕಾರದವರು ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಮದರಾಸಿನಿಂದ ವಾಯುಪಡೆಯ ವಿಮಾನದಲ್ಲಿ ಬೆಂಗಳೂರಿಗೆ ತಂದು ರಾಜಭವನದಲ್ಲಿ ಇರಿಸಿಕೊಂಡು ಮಾತಾಡಿದರು. ಜೊತೆಗೆ ಬಂದಿದ್ದ ಆಂಟನ್ ಬಾಲಸಿಂಗಂ ಮುಂದೆ ಈ ಕಥೆಯನ್ನು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರನ್ನೂ ಒಪ್ಪಿಸುವ ಕೆಲಸಕ್ಕೆ ಕರೆಸಲಾಗಿತ್ತು. ಒಂದೇ ಊರಿನಲ್ಲಿ ಜಯವರ್ಧನೆ ರಾಜ್ಯದ ಅತಿಥಿ, ಅವರ ಪರಮ ವೈರಿ ಕಾವಲಿನ ಅತಿಥಿ. ಇಬ್ಬರೂ ಎದುರುಬದುರಾಗಲಿಲ್ಲ, ಭಾರತದ ಅಧಿಕಾರಿಗಳು ಅತ್ತಿಂದಿತ್ತ ಓಡಾಡಿದರು. ಶ್ರೀಲಂಕಾದ ಪೂರ್ವ ಪ್ರಾಂತ್ಯವನ್ನು ಮೂರು ಹೋಳು ಮಾಡುವ ಸೂತ್ರ ಮುಂದಿಟ್ಟರೆ ಪ್ರಭಾಕರನ್ ಒಪ್ಪಲಿಲ್ಲ. ಮರುವರ್ಷದ ಜುಲೈ 29ರಂದು ರಾಜೀವ್ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಕಾಗದದ ಮೇಲೆ ಬಂದೂಕು ಹಿಡಿದವರ ಸಹಿ ಇರಲಿಲ್ಲ. ಶಾಂತಿ ಕಾಯಲು ಹೋದ ಸುಮಾರು 1,200 ಭಾರತೀಯ ಯೋಧರು ಅಲ್ಲಿ ಪ್ರಾಣ ಕಳೆದುಕೊಂಡರು, 1991ರಲ್ಲಿ ರಾಜೀವ್ ಕೂಡ ಎಲ್‌ಟಿಟಿಇಯ ಬಾಂಬಿಗೆ ಬಲಿಯಾದರು. ಗುಟ್ಟಾಗಿ ಮಾತಾಡಿದ್ದು ತಪ್ಪೆಂದು ನಾನು ಹೇಳಲಾರೆ. ಮಾತಿನಲ್ಲಿ ಒಪ್ಪದವನನ್ನು ಬಿಟ್ಟು ಬರವಣಿಗೆಗೆ ಹೋದದ್ದು ದುಬಾರಿಯಾಯಿತು.

ಎರಡನೆಯದು ಪಾಕಿಸ್ತಾನದ್ದು. ರಾಜಸ್ಥಾನದಲ್ಲಿ ಭಾರತದ ಸೇನೆ ಆಗ ಬ್ರಾಸ್‌ಟ್ಯಾಕ್ಸ್ ಹೆಸರಿನ ಭಾರೀ ಸಮರಾಭ್ಯಾಸಕ್ಕೆ ಇಳಿದಿತ್ತು. ಜುನೇಜೊ ಅದರ ಬಗ್ಗೆ ಬೆಂಗಳೂರಿನಲ್ಲೇ ರಾಜೀವ್ ಅವರನ್ನು ಕೇಳಿದರು, ಇದು ಬರೀ ಅಭ್ಯಾಸ ಎಂಬ ಭರವಸೆ ಸಿಕ್ಕಿತು ಎಂದು ಆಮೇಲಿನ ಅಧ್ಯಯನಗಳು ಹೇಳುತ್ತವೆ. ಇಬ್ಬರೂ ನಾಗರಿಕ ಪ್ರಧಾನಿಗಳೇ. ಆದರೆ ಜುನೇಜೊ ಮೇಲೆ ಸೇನಾಧಿಪತಿಯೂ ಅಧ್ಯಕ್ಷರೂ ಆಗಿದ್ದ ಜಿಯಾ ಉಲ್ ಹಕ್ ಕೂತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ, 1987ರ ಜನವರಿಯಲ್ಲಿ, ಎರಡೂ ಸೇನೆಗಳು ಗಡಿಯಲ್ಲಿ ಮುಖಾಮುಖಿ ನಿಂತಿದ್ದವು. ತಿಳಿಯಾದದ್ದು ಫೆಬ್ರವರಿ 4ರಂದು ವಿದೇಶಾಂಗ ಕಾರ್ಯದರ್ಶಿಗಳ ಮಟ್ಟದಲ್ಲಿ ಲಿಖಿತ ಒಪ್ಪಂದವಾದ ಮೇಲೆ. ಅದೇ ತಿಂಗಳು ಜಿಯಾ ಕ್ರಿಕೆಟ್ ನೋಡುವ ನೆಪದಲ್ಲಿ ಜೈಪುರಕ್ಕೆ ಬಂದರು. ನಾಯಕರ ಬಾಯಿಮಾತಿನ ಭರವಸೆಯೊಂದೇ ಗಡಿ ಕಾಯುವುದಿಲ್ಲ ಎಂಬುದಕ್ಕೆ ತೀರಾ ಈಚಿನ ಉದಾಹರಣೆ ಬೇಕೆಂದರೆ ಮಾಮಲ್ಲಪುರವಿದೆ. 2019ರ ಅಕ್ಟೋಬರಿನಲ್ಲಿ ನರೇಂದ್ರ ಮೋದಿ, ಷಿ ಜಿನ್‌ಪಿಂಗ್ ಕಡಲ ತೀರದ ಗುಡಿಗಳ ನಡುವೆ ಅಡ್ಡಾಡಿದರು. ಎಂಟು ತಿಂಗಳ ನಂತರ ಗಾಲ್ವಾನ್ ಕಣಿವೆಯಲ್ಲಿ 20 ಭಾರತೀಯ ಯೋಧರು ಹುತಾತ್ಮರಾದರು.

ಮೂರನೆಯದು ಸಪ್ಪೆ, ಹಾಗಾಗಿಯೇ ಬಾಳಿಕೆ ಬಂತು. ಸಾರ್ಕ್‌ಗೆ ಕಾಠ್ಮಂಡುವಿನಲ್ಲಿ ಒಂದು ಸಚಿವಾಲಯ ಬೇಕು ಎಂಬ ಕಾಗದಕ್ಕೆ ವಿದೇಶಾಂಗ ಮಂತ್ರಿಗಳು ನವೆಂಬರ್ 17ರಂದು ಬೆಂಗಳೂರಿನಲ್ಲಿ ಸಹಿ ಹಾಕಿದರು. ಎರಡೇ ತಿಂಗಳಿಗೆ ಕಚೇರಿ ತೆರೆಯಿತು. ಬಾಂಗ್ಲಾದೇಶದ ಅಬುಲ್ ಅಹ್ಸಾನ್ ಮೊದಲ ಮಹಾಕಾರ್ಯದರ್ಶಿ. ವಿದ್ಯಾರ್ಥಿವೇತನ, ಪ್ರವಾಸ, ದಾಖಲೆ ಕೇಂದ್ರ, ಯುವ ಸ್ವಯಂಸೇವಕರು, ರೇಡಿಯೊ ಮತ್ತು ಟಿವಿ ಕಾರ್ಯಕ್ರಮಗಳ ವಿನಿಮಯ ಎಂಬ ಐದು ಯೋಜನೆಗಳೂ ಇಲ್ಲೇ ಹೊರಟವು. ಶೃಂಗಸಭೆಗಳು ನಿಂತುಹೋದರೂ ಕಾಠ್ಮಂಡುವಿನ ಆ ಕಚೇರಿಯ ಬಾಗಿಲು ಮುಚ್ಚಿಲ್ಲ.

ಗುಟ್ಟಿನ ಮಾತಿಗೆ ಇನ್ನೊಂದು ಮುಖವಿದೆ. ಅದನ್ನು ಹೆಗ್ಗರಣೆಯಿಂದ ನೋಡುವುದೇ ಸರಿ. ಕೋಣೆಯೊಳಗೆ ಕೂತವರ ಸ್ನೇಹದ ಖರ್ಚು ಕೋಣೆಯ ಹೊರಗಿನವರ ತಲೆಗೆ ಬೀಳಬಹುದು. 1998ರ ಡಿಸೆಂಬರಿನಲ್ಲಿ ಶ್ರೀಲಂಕಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದವಾಯಿತು, 2006ರಿಂದ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದ ಜಾರಿಗೆ ಬಂತು. ಬೇರೆಲ್ಲಿಯದೋ ಅಡಿಕೆ ನೆರೆದೇಶದ ಹೆಸರಿನಲ್ಲಿ ಒಳಗೆ ಬರುತ್ತಿದೆ ಎಂಬ ದೂರು ಅಂದಿನಿಂದ ನಮ್ಮ ಬೆಳೆಗಾರರ ಬಾಯಲ್ಲಿ ಇದ್ದದ್ದೇ. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಅನುಮತಿ ಕೊಟ್ಟಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚಾಲಿಯ ಧಾರಣೆ ಏನಾದೀತು ಎಂಬ ಆತಂಕ ಹರಡಿತು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಭೂತಾನಿಗೆ ಮಾತ್ರ ವಿನಾಯಿತಿ ಉಳಿಯಿತು. ಚೀನಾದ ಮಗ್ಗುಲಲ್ಲಿರುವ ಪುಟ್ಟ ಮಿತ್ರನನ್ನು ಬೇಸರಪಡಿಸಬಾರದು ಎಂಬ ಲೆಕ್ಕಾಚಾರ ತಪ್ಪಲ್ಲ. ಆದರೆ 1923ರಿಂದ ಅಡಿಕೆ ವಹಿವಾಟು ಮಾಡಿಕೊಂಡು ಬಂದ ಶಿರಸಿಯ ಟಿಎಸ್‌ಎಸ್‌ನಂಥ ಬೆಳೆಗಾರರ ಸಂಸ್ಥೆಗಳನ್ನು ಮೊದಲೇ ಒಂದು ಮಾತು ಕೇಳಿದ್ದರೆ ಆ ಸ್ನೇಹಕ್ಕೇನೂ ಕುಂದು ಬರುತ್ತಿರಲಿಲ್ಲ.

ಸಾರ್ಕ್‌ನ ಕೊನೆಯ ಶೃಂಗಸಭೆ ನಡೆದದ್ದು 2014ರ ನವೆಂಬರಿನಲ್ಲಿ, ಕಾಠ್ಮಂಡುವಿನಲ್ಲಿ. ಪಾಕಿಸ್ತಾನದ ತಕರಾರಿನಿಂದ ಒಂದೂ ಒಪ್ಪಂದಕ್ಕೆ ಸಹಿ ಬೀಳದೆ ಸಭೆ ಬರಿಗೈಯಲ್ಲಿ ಮುಗಿಯುವುದರಲ್ಲಿತ್ತು. ಕೊನೆಯ ದಿನ ನಾಯಕರು ಧುಲಿಖೇಲ್ ಎಂಬ ಗುಡ್ಡದೂರಿಗೆ ರಿಟ್ರೀಟಿಗೆ ಹೋದರು. ಇಳಿದು ಬಂದಾಗ ವಿದ್ಯುತ್ ಸಹಕಾರದ ಒಪ್ಪಂದಕ್ಕೆ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಒಪ್ಪಿಯಾಗಿತ್ತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದ ಮುಂದಿನ ಸಭೆ ಉರಿ ದಾಳಿಯ ನಂತರ ರದ್ದಾಯಿತು. ಅಲ್ಲಿಂದೀಚೆ ಸದಸ್ಯ ದೇಶಗಳ ಮುಖ್ಯಸ್ಥರು ಆ ಹೆಸರಿನಲ್ಲಿ ಶೃಂಗಸಭೆಗೆ ಕೂಡಿಲ್ಲ. ವಿದ್ಯುತ್ತಿನ ಮಾತು ಮಾತ್ರ ಬೇರೆ ದಾರಿ ಹಿಡಿದು ಮುಂದೆ ಹೋಯಿತು: ಭಾರತ, ನೇಪಾಳ, ಬಾಂಗ್ಲಾದೇಶ ಮೂರೇ ದೇಶಗಳು 2024ರ ಅಕ್ಟೋಬರಿನಲ್ಲಿ ಒಪ್ಪಂದ ಮಾಡಿಕೊಂಡವು, ನವೆಂಬರ್ 15ರಂದು ನೇಪಾಳದ ನದಿಗಳ 40 ಮೆಗಾವ್ಯಾಟ್ ವಿದ್ಯುತ್ ಭಾರತದ ತಂತಿಗಳ ಮೇಲೆ ಹಾದು ಬಾಂಗ್ಲಾದೇಶ ಸೇರಿತು.